ಬಲಗಡೆಯ ಬಾಗಿಲು

ರಾತ್ರಿ ಬಹಳ ಹೊತ್ತಾದ ಮೇಲೆ ಲೊರೇನ್‌ಗೆ ಒಂದು ಸಣ್ಣ ಸದ್ದು ಕೇಳಿಸಿತು. ತೆಳು ತಗಡಿನ ಮೇಲೆ ಯಾರೋ ಅಂಗೈಯಿಂದ ಮೆಲ್ಲಗೆ ತಟ್ಟಿದ ಹಾಗಿತ್ತು. ಎರಡು ಸಲ ತಟ್ಟಿ, ಸ್ವಲ್ಪ ಬಿಟ್ಟು, ಇನ್ನೊಂದು ಕಡೆಯಿಂದ ಮತ್ತೆ ಎರಡು ಸಲ.

ಅವಳೇನೂ ನಿದ್ದೆಯಲ್ಲಿರಲಿಲ್ಲ. ಮನೆಯಲ್ಲಿ ಅವಳು ನೆಟ್ಟಗೆ ನಿದ್ದೆ ಮಾಡಿ ವರ್ಷಗಳೇ ಆಗಿದ್ದವು. ದೀಪ ಆರಿಸಿ ಮಲಗಿದ ಮೇಲೆ ಹಿಂಬಾಗಿಲಿನ ಅಗುಳಿ ನೆನಪಾಗುತ್ತಿತ್ತು, ಆಮೇಲೆ ಒಲೆಯ ಗ್ಯಾಸು, ಆಮೇಲೆ ಮೆಟ್ಟಿಲ ಪಕ್ಕದ ಕಿಟಕಿ. ಎಲ್ಲ ಸರಿಯಾಗಿ ಹಾಕಿದ್ದೇನೆ ಎಂದು ಗೊತ್ತಿದ್ದರೂ ಎದ್ದು ಹೋಗಿ ಕೈಯಿಂದ ಮುಟ್ಟಿ ಬರದೆ ಸಮಾಧಾನವಾಗುತ್ತಿರಲಿಲ್ಲ. ಮುಟ್ಟಿ ಬಂದು ಮಲಗಿದರೆ, ಮುಟ್ಟುವಾಗ ತಾನೇ ಅಗುಳಿ ತೆಗೆದುಬಿಟ್ಟೆನೇನೋ ಎಂಬ ಹೊಸ ಅನುಮಾನ.

ಪಕ್ಕದಲ್ಲಿ ಟ್ರೆವರ್ ಇರಲಿಲ್ಲ. ಅವಳು ಕೋಟು ಹೊದ್ದುಕೊಂಡು ಕೆಳಗೆ ಹೋಗಿ ಮುಂಬಾಗಿಲು ತೆರೆದಳು. ಮನೆಯ ಮುಂದೆ ಹಿಂದಿನ ದಿನವಷ್ಟೇ ತಂದು ನಿಲ್ಲಿಸಿದ್ದ ಕ್ಯಾರವಾನ್, ಕಾರಿನ ಹಿಂದೆ ಕಟ್ಟಿ ಎಳೆಯುವ ಗಾಲಿಮನೆ, ಬೀದಿ ದೀಪದಲ್ಲಿ ಬೆಳ್ಳಗೆ ಕಾಣುತ್ತಿತ್ತು. ಪೈಜಾಮದ ಮೇಲೆ ಮಳೆಕೋಟು ಹಾಕಿಕೊಂಡ ಗಂಡ ಅದರ ಮೈಯನ್ನು ಸವರಿಕೊಂಡು ಸುತ್ತು ಬರುತ್ತಿದ್ದ.

"ಏನು ಮಾಡ್ತಿದೀಯ ಇಷ್ಟೊತ್ತಲ್ಲಿ?"

"ಬಾಗಿಲು ಹುಡುಕ್ತಿದೀನಿ."

"ಅದು ಆ ಕಡೆ ಇದೆ, ಟ್ರೆವರ್."

"ಆ ಕಡೆ ಇದೆ ಅಂತ ನನಗೆ ಗೊತ್ತು ಕಣೇ. ನನ್ನ ಕೈಗೆ ಗೊತ್ತಾಗಬೇಕಲ್ಲ. ನೀನು ಒಳಗೆ ಹೋಗು, ಪಕ್ಕದ ಮನೆಯವರು ಕಳ್ಳ ಅಂದ್ಕೊಂಡು ಪೊಲೀಸ್ ಕರೆದಾರು."

"ಪೊಲೀಸ್ ಬಂದ್ರೆ ನಿನ್ನನ್ನೇ ಹಿಡ್ಕೊಂಡು ಹೋಗಲಿ. ಪೈಜಾಮ ನೋಡಿದ್ರೆ ಸಾಕು ಅವರಿಗೆ."

ಅವನು ನಕ್ಕ. ಅವಳು ಒಳಗೆ ಹೋಗದೆ ಅಲ್ಲೇ ನಿಂತು, ಅವನು ಇನ್ನೊಂದು ಸುತ್ತು ಮುಗಿಸುವವರೆಗೂ ನೋಡಿದಳು.

ಟ್ರೆವರ್‌ನ ಕಣ್ಣು ಹೋದ ವರ್ಷದಿಂದ ಮಂಜಾಗಿತ್ತು. ಪೂರ್ತಿ ಕುರುಡಲ್ಲ. ನೋಟದ ಅಂಚುಗಳಲ್ಲಿ ಎಲ್ಲವೂ ಇತ್ತು. ನಡುವೆ ಮಾತ್ರ ಒಂದು ಬೂದು ಮಚ್ಚೆ. ಎದುರಿಗೆ ನಿಂತವರ ಕಿವಿ, ಭುಜ, ಟೋಪಿ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಡಾಕ್ಟರು ಇನ್ನು ಕಾರು ಓಡಿಸಕೂಡದು ಎಂದ ದಿನ ಸಂಜೆ ಚಹಾ ಕುಡಿಯುವಾಗ ಅವನು, "ಕ್ಯಾರವಾನ್ ಮಾರಿಬಿಡೋಣ" ಎಂದ.

ಆಗ ಅವರ ಬಳಿ ಇದ್ದ ಹಳೆಯದನ್ನು ಮಾರಲೇಬೇಕಾಗಿತ್ತು. ಅದು ಇಲ್ಲೇ ಇಂಗ್ಲೆಂಡಿನಲ್ಲಿ ಕಟ್ಟಿದ್ದು, ಬಾಗಿಲು ಎಡಗಡೆ. ಉದ್ದವೂ ಭಾರವೂ ಆಗಿತ್ತು, ಹಿಂಬದಿಯ ಮೂಲೆಯಲ್ಲಿ ತೇವ ಹಿಡಿದು ಗೋಡೆ ಬಿಸ್ಕತ್ತಿನಂತೆ ಮೆತ್ತಗಾಗಿತ್ತು. ಆದರೆ ಅದನ್ನು ಮಾರಿ ಸುಮ್ಮನಿರುವುದು ಲೊರೇನ್‌ಗೆ ಸಾಧ್ಯವಿರಲಿಲ್ಲ. ಕಾರಣವನ್ನು ಅವಳು ಯಾರಿಗೂ ಬಿಡಿಸಿ ಹೇಳಿರಲಿಲ್ಲ. ಕ್ಯಾರವಾನ್‌ನಲ್ಲಿ ಅವಳಿಗೆ ನಿದ್ದೆ ಬರುತ್ತಿತ್ತು. ಹಾಸಿಗೆಯಲ್ಲಿ ಮಲಗಿದಲ್ಲಿಂದಲೇ ಬಾಗಿಲು ಕಾಣುತ್ತಿತ್ತು, ಕಿಟಕಿಗಳ ಕೊಕ್ಕೆ ಕಾಣುತ್ತಿತ್ತು, ಕೈ ಚಾಚಿದರೆ ಗ್ಯಾಸಿನ ತಿರುಪು ಸಿಗುತ್ತಿತ್ತು. ಕಾಯಬೇಕಾದದ್ದೆಲ್ಲ ಒಂದೇ ನೋಟಕ್ಕೆ ಸಿಗುವಷ್ಟು ಚಿಕ್ಕ ಮನೆ ಅದು. ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಅಲ್ಲಿ ಮಲಗಿದ ರಾತ್ರಿಗಳ ಬಲದ ಮೇಲೆ ಅವಳು ಚಳಿಗಾಲವನ್ನು ದಾಟುತ್ತಿದ್ದಳು.

"ನಾನು ಓಡಿಸ್ತೀನಿ," ಎಂದಿದ್ದಳು ಆ ಸಂಜೆ.

ಟ್ರೆವರ್ ಬಟ್ಟಲು ಕೆಳಗಿಟ್ಟ. "ನೀನಾ? ಸೂಪರ್‌ಮಾರ್ಕೆಟ್ಟಿನಲ್ಲಿ ಕಾರು ಹಿಂದಕ್ಕೆ ತೆಗೆಯೋಕೆ ಹೆದರಿ ಕೊನೇ ಸಾಲಲ್ಲಿ ನಿಲ್ಲಿಸಿ ನಡ್ಕೊಂಡು ಬರ್ತೀಯಲ್ಲ, ಆ ನೀನಾ?"

"ಚಿಕ್ಕದು ತಗೊಳ್ಳೋಣ. ಹಗುರ ಇರೋದು. ಕಲೀತೀನಿ."

ಅವಳು ಕಲಿತಳು. ಹಳೇ ವಿಮಾನ ನಿಲ್ದಾಣದ ಬಯಲಿನಲ್ಲಿ ಒಬ್ಬ ಶಿಕ್ಷಕನ ಬಳಿ ಎರಡು ದಿನ, ಬೆವರಿಗೆ ಅಂಗಿ ಬೆನ್ನಿಗೆ ಅಂಟಿಕೊಳ್ಳುವವರೆಗೂ, ಬಾಡಿಗೆ ಕ್ಯಾರವಾನನ್ನು ಹಿಂದಕ್ಕೂ ಮುಂದಕ್ಕೂ ಎಳೆದಳು.

ಚಿಕ್ಕದೂ ಹಗುರವೂ ತೇವ ಹಿಡಿಯದ್ದೂ ಆದದ್ದು ಸಿಕ್ಕಿದ್ದು ಲಿಂಕನ್ ಪಟ್ಟಣದಾಚೆ ಒಂದು ಹಳೇ ಕೋಳಿ ಫಾರಂನಲ್ಲಿ. ಹ್ಯಾಲಮ್ ಎಂಬಾತ ಅಲ್ಲಿ ಜರ್ಮನಿಯಿಂದ ತರಿಸಿದ ಕ್ಯಾರವಾನ್‌ಗಳನ್ನು ಸಾಲಾಗಿ ನಿಲ್ಲಿಸಿಕೊಂಡಿದ್ದ. ಟ್ರೆವರ್ ಮೊದಲನೆಯದರ ಎಡಪಕ್ಕಕ್ಕೆ ನೇರ ನಡೆದು, ಕೈಚಾಚಿ, ಗೋಡೆ ಸವರಿ, ನಿಂತುಬಿಟ್ಟ.

"ಬಾಗಿಲು ಎಲ್ಲಪ್ಪ?"

"ಆ ಕಡೆ ಸರ್. ಅವರು ರಸ್ತೆಯ ಬಲಗಡೆ ಓಡಿಸೋ ಜನ, ಬಾಗಿಲೂ ಬಲಗಡೆ. ಇಳಿದ್ರೆ ಫುಟ್‌ಪಾತಿಗೆ ಇಳೀಬೇಕಲ್ಲ."

"ನಮ್ಮಲ್ಲಿ ಇಳಿದ್ರೆ ಲಾರಿ ಮುಂದಕ್ಕೆ ಇಳೀತೀವಿ."

"ರಸ್ತೇಲಿ ಯಾರು ಇಳೀತಾರೆ ಸರ್? ಇಳಿಯೋದು ಹುಲ್ಲಿಗೆ. ಹುಲ್ಲಿಗೆ ಎಡ ಏನು, ಬಲ ಏನು?"

ಲೊರೇನ್ ಅಷ್ಟರಲ್ಲಿ ಒಳಗೆ ಹತ್ತಿದ್ದಳು. ಮೂಲೆಗಳಿಗೆ ಮೂಗು ಹಚ್ಚಿ ವಾಸನೆ ನೋಡಿದಳು. ಹೆಬ್ಬೆರಳಿನಿಂದ ಗೋಡೆ ಒತ್ತಿದಳು, ಎಲ್ಲೂ ತಗ್ಗಲಿಲ್ಲ. ಕಿಟಕಿಯ ಕೊಕ್ಕೆಗಳು ಬಿಗಿಯಾಗಿ ಟಕ್ಕೆಂದು ಕೂರುತ್ತಿದ್ದವು. ಹಾಸಿಗೆಯ ಮೇಲೆ ಬೂಟು ಕಳಚಿ ಮಲಗಿ, ತಲೆ ತಿರುಗಿಸಿ ನೋಡಿದಳು. ಬಾಗಿಲು ಕಾಣುತ್ತಿತ್ತು. ಕೊಕ್ಕೆಗಳೂ ಕಾಣುತ್ತಿದ್ದವು.

"ಗ್ರಿಲ್ ಎಲ್ಲಿ?" ಹೊರಗಿಂದ ಟ್ರೆವರ್‌ನ ದನಿ. "ಬೇಕನ್ ಎಲ್ಲಿ ಸುಡೋದು? ಟೋಸ್ಟು?"

"ಅವರು ಒಳಗೆ ಗ್ರಿಲ್ ಇಡೋದಿಲ್ಲ ಸರ್. ಬ್ರೆಡ್ ಹಾಗೇ ತಿಂತಾರೆ."

"ಹಾಗೇ? ಟೋಸ್ಟ್ ಮಾಡದೇನೇ?" ಅವನ ಧ್ವನಿಯಲ್ಲಿ ನಿಜವಾದ ಮರುಕವಿತ್ತು.

ವಾಪಸು ಬರುವ ದಾರಿಯಲ್ಲಿ ಅವನು ತನ್ನ ಕರಾರು ಹೇಳಿದ. "ತಗೊಳ್ಳೋಣ. ಹ್ಯಾಲಮ್ ಒಂದು ತಿಂಗಳೊಳಗೆ ಬೇಡ ಅಂದ್ರೆ ವಾಪಸು ತಗೋತೀನಿ ಅಂದಿದಾನೆ. ಈ ಸಲದ ಕೂಟಕ್ಕೆ ಹೋಗಿ ಬರೋಣ. ಏನೂ ಎಡವಟ್ಟಾಗದೆ ಮನೆ ಸೇರಿದ್ರೆ ಇಟ್ಕೊಳ್ಳೋಣ. ಏನಾದ್ರೂ ಆಯ್ತೋ, ಸಣ್ಣದಾದ್ರೂ ಸರಿ, ಅಲ್ಲಿಗೆ ಮುಗೀತು. ನಾನು ಅರೆಗುರುಡ, ನೀನು ಹೆದರುಪುಕ್ಕಲಿ. ನಮ್ಮಿಂದ ಯಾರಿಗೋ ಏನೋ ಆಗೋದು ಬೇಡ."

"ಹೊರಗಿನ ಕೆಲಸ?"

"ಹೊರಗಿನ ಕೆಲಸ ನಂದೇ. ಅದಕ್ಕೆ ಕಣ್ಣು ಬೇಡ."

ಅದು ಜಂಬದ ಮಾತಾಗಿರಲಿಲ್ಲ. ಮೂವತ್ತು ವರ್ಷ ಅವನೇ ಮಾಡಿದ ಕೆಲಸ. ಕಾರಿಗೆ ಕೊಂಡಿ ಸಿಕ್ಕಿಸುವುದು, ಕರೆಂಟಿನ ಕೇಬಲ್ಲು ಸುತ್ತುವುದು, ಮೂಲೆಗಳಲ್ಲಿ ನೆಲಕ್ಕೆ ಊರಿದ ಆನಿಕೆಗಳನ್ನು ಎತ್ತುವುದು, ಕೊನೆಗೆ ಎಡಪಕ್ಕದಲ್ಲಿ ಬಂದು ಬಾಗಿಲಿಗೆ ಬೀಗ ಹಾಕಿ ಅದರ ಮೇಲೆ ಎರಡು ಸಲ ತಟ್ಟುವುದು. ಆ ತಟ್ಟು ಲೊರೇನ್‌ಗಾಗಿ ಶುರುವಾದದ್ದು. ಮದುವೆಯಾದ ಹೊಸದರಲ್ಲಿ, ಕಾರಿನಲ್ಲಿ ಕೂತು ಎರಡು ಮೈಲಿ ಹೋದ ಮೇಲೆ, "ಬಾಗಿಲು ಹಾಕಿದ್ಯಾ?" ಎಂದು ಕೇಳಿ ಕೇಳಿ ಅವಳು ಅವನನ್ನು ಎಷ್ಟೋ ಸಲ ಕೆಳಗಿಳಿಸಿದ್ದಳು. ಆಮೇಲೆ ಅವನೇ ಈ ಉಪಾಯ ಕಂಡುಹಿಡಿದ. ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂತಿರುಗಿ ನೋಡಬೇಕು, ಅವನು ಅವಳು ನೋಡುವಂತೆ ತಟ್ಟಬೇಕು. ಅಲ್ಲಿಗೆ ಅವಳ ಮನಸ್ಸು ಬೀಗ ಹಾಕಿಕೊಳ್ಳುತ್ತಿತ್ತು.

ಕೂಟ ಎಂದರೆ ಡರ್ಬಿಶೈರಿನ ಗುಡ್ಡಗಳ ನಡುವೆ ಒಬ್ಬ ಕುರಿ ಸಾಕುವವನ ಹೊಲದಲ್ಲಿ ಪ್ರತಿ ಮೇ ತಿಂಗಳ ಕೊನೆಗೆ ಒಂದು ವಾರ ಸೇರುವ ಆರು ಕ್ಯಾರವಾನ್‌ಗಳು. ಕೀತ್ ಅದರ ಯಜಮಾನ. ಯಾರೂ ಅವನನ್ನು ಆರಿಸಿರಲಿಲ್ಲ, ಆದರೆ ಬಿಳೀ ಗೂಟಗಳ ಚೀಲ ಅವನ ಕಾರಿನಲ್ಲಿತ್ತು, ಅಷ್ಟು ಸಾಕಿತ್ತು. ಅವನು ಗೂಟ ಹೊಡೆದಲ್ಲಿ ನಿಲ್ಲಬೇಕು. ಎಲ್ಲರ ಬಾಗಿಲೂ ಒಂದೇ ದಿಕ್ಕಿಗೆ. ಹಾಗಾಗಿ ಪ್ರತಿಯೊಬ್ಬರೂ ತಮ್ಮ ಬಾಗಿಲ ಮುಂದೆ ಗುಡಾರ ಕಟ್ಟಿ ಕೂತರೆ ಕಾಣುವುದು ಪಕ್ಕದವರ ಕ್ಯಾರವಾನಿನ ಬೆನ್ನು.

ಲೊರೇನ್ ಹೊಲದ ಗೇಟಿನೊಳಕ್ಕೆ ಕಲ್ಲುಕಂಬಕ್ಕೆ ತಾಗಿಸದೆ ಕ್ಯಾರವಾನ್ ತಂದಾಗ ಎಲ್ಲರೂ ಚಹಾ ಬಟ್ಟಲು ಹಿಡಿದು ನಿಂತು ನೋಡುತ್ತಿದ್ದರು. ಕೀತ್ ಮಾತ್ರ ಬಾಗಿಲು ನೋಡಿದ.

"ಇದೇನಪ್ಪ ಟ್ರೆವರ್, ತಿರುಗಾ ಮುರುಗಾ ತಂದಿದೀಯ?"

"ಅಗ್ಗಕ್ಕೆ ಸಿಕ್ತು," ಎಂದ ಟ್ರೆವರ್.

"ಒಳಗಿನದನ್ನ ಹೊರಗೆ ಮಾಡಿದ ಸ್ವೆಟರ್ ಥರ ಇದೆ. ನನ್ನ ಪಕ್ಕದ ಗೂಟ ನಿಂದು. ಅಂದ್ರೆ ಇನ್ನೊಂದು ವಾರ ನನ್ನ ಬಾಗಿಲಿಗೆ ನಿನ್ನ ಬಾಗಿಲು."

"ನಾನು ಸಾಲಿನ ಕೊನೇಗೆ ಹೋಗ್ಲಾ?"

"ಕೊನೇದು ಕೆಸರು. ಇರು ಇಲ್ಲೇ. ಇಪ್ಪತ್ತು ವರ್ಷ ನಿನಗೆ ಬೆನ್ನು ತೋರಿಸಿ ಚೆನ್ನಾಗಿದ್ವಿ, ಇನ್ನು ಮುಖ ನೋಡಿ ಸ್ನೇಹ ಎಷ್ಟು ದಿನ ಉಳೀತದೋ ನೋಡೋಣ."

"ನಿನ್ನ ಮುಖ ನನಗೆ ಕಾಣೋದಿಲ್ಲ ಕೀತ್. ಈ ಕಣ್ಣಿನಿಂದ ಆದ ಉಪಕಾರ ಅಂದ್ರೆ ಅದೊಂದೇ."

ಎಲ್ಲರೂ ನಕ್ಕರು. ಕೀತ್ ಎಲ್ಲರಿಗಿಂತ ಜೋರಾಗಿ ನಕ್ಕ, ಆಮೇಲೆ ಲೊರೇನ್ ಹತ್ತಿರ ಬಂದು ದನಿ ತಗ್ಗಿಸಿ, "ತಮಾಷೆ ಬಿಡು. ಆ ಬಾಗಿಲು ಒಂದಲ್ಲ ಒಂದಿನ ನಿಮಗೆ ತಾಪತ್ರಯ ತರ್ತದೆ. ನೋಡ್ತಿರು," ಎಂದ.

ಅವಳು ನೋಡುತ್ತಲೇ ಇದ್ದಳು. ಅದು ಅವಳಿಗೆ ಹೇಳಿಕೊಡಬೇಕಾದ ಕೆಲಸವಾಗಿರಲಿಲ್ಲ.

ಆ ವಾರ ಎರಡು ಗುಡಾರಗಳೂ ಎದುರುಬದುರಾಗಿ, ನಡುವೆ ಹೆಜ್ಜೆಯಷ್ಟೇ ಜಾಗ ಬಿಟ್ಟು, ಮೂಗಿಗೆ ಮೂಗು ತಾಗುವ ಹಾಗೆ ನಿಂತವು. ಬೆಳಿಗ್ಗೆ ಲೊರೇನ್ ಪರದೆ ಸರಿಸಿದರೆ ಕೀತ್‌ನ ಹೆಂಡತಿ ಪೌಲೀನ್ ಕೂದಲು ಗುಂಗುರಾಗಲು ತಲೆಗೆ ಸುರುಳಿ ಸುತ್ತಿಕೊಂಡು ಕೂತಿರುತ್ತಿದ್ದಳು. ಮೊದಲ ದಿನ ಇಬ್ಬರೂ ಮುಜುಗರಪಟ್ಟುಕೊಂಡು ಗುಡ್ ಮಾರ್ನಿಂಗ್ ಎಂದರು. ಎರಡನೆಯ ದಿನ ಪೌಲೀನ್ ತನ್ನ ಗ್ರಿಲ್ಲಿನಲ್ಲಿ ನಾಲ್ಕು ಹೋಳು ಟೋಸ್ಟು ಹೆಚ್ಚಿಗೆ ಮಾಡಿ, "ತಗೋ, ನಿನ್ನ ಗಂಡನ ಸಂಕಟ ನೋಡೋಕಾಗಲ್ಲ," ಎಂದು ಗುಡಾರದಿಂದ ಗುಡಾರಕ್ಕೆ ತಟ್ಟೆ ಚಾಚಿದಳು. ಪೌಲೀನ್‌ಗೆ ಹೇಳಿದ ಸುದ್ದಿ ಊಟದ ಹೊತ್ತಿಗೆ ಆರೂ ಕ್ಯಾರವಾನ್ ಸುತ್ತಿ ಬರುತ್ತದೆ ಎಂದು ಗೊತ್ತಿದ್ದೂ ಲೊರೇನ್ ಅವಳಿಗೆ ಎಷ್ಟೋ ವಿಷಯ ಹೇಳಿದಳು. ಸಣ್ಣ ತಪ್ಪನ್ನೂ ಹೇಳಿ ಹಗುರವಾಗುವುದು ಅವಳ ಮೊದಲಿನಿಂದಿದ್ದ ಸ್ವಭಾವ. ನೀರಿನ ಡಬ್ಬಿಯ ಮುಚ್ಚಳ ಕಳೆದರೂ ನಾಲ್ಕು ಜನಕ್ಕೆ ಹೇಳಬೇಕು.

ರಾತ್ರಿ ಅವಳು ಮಲಗಿದಳು. ಏಳು ರಾತ್ರಿಯೂ ಕಲ್ಲು ಬಿದ್ದ ಹಾಗೆ.

ಹೊರಡುವ ದಿನ ಬೆಳಿಗ್ಗೆ ಬಿಸಿಲಿತ್ತು. ಹೊಲದಿಂದ ಮೇಲಿನ ದೊಡ್ಡ ರಸ್ತೆಗೆ ಹೋಗುವ ಓಣಿ ಬಹಳ ಕಿರಿದು. ಎರಡೂ ಕಡೆ ಎದೆಯೆತ್ತರದ ಕಲ್ಲುಗೋಡೆ, ಅಲ್ಲಲ್ಲಿ ಎದುರು ಬಂದವರು ಸರಿದು ನಿಲ್ಲಲು ಒಂದು ತಿರುವು ಜಾಗ. ಆದ್ದರಿಂದ ಕೂಟದವರು ಒಬ್ಬೊಬ್ಬರಾಗಿ ಹೊರಡುವುದು ಪದ್ಧತಿ. ಮೊದಲಿನವರು ಓಣಿಯ ತುದಿಯ ಹಳೇ ಚರ್ಚಿನ ಮುಂದೆ ತಲುಪಿ ಫೋನ್ ಮಾಡಿದ ಮೇಲೆ ಮುಂದಿನವರು.

ಟ್ರೆವರ್ ಕೊಂಡಿ ಸಿಕ್ಕಿಸಿದ. ಕೇಬಲ್ಲು ಸುತ್ತಿದ. ಲೊರೇನ್ ಬ್ರೇಕು ಒತ್ತಿದಾಗ ಹಿಂದೆ ನಿಂತು ದೀಪಗಳ ಬಿಸಿಯನ್ನು ಕೈಯಿಂದಲೇ ಮುಟ್ಟಿ, "ಎಡ ಬಂತು! ಬಲ ಬಂತು!" ಎಂದು ಕೂಗಿದ. ಟೋಪಿ ಒಳಗೇ ಉಳಿದಿದೆ ಎಂದು ಮತ್ತೆ ಹತ್ತಿ, ತಲೆಗೆ ಟೋಪಿ ಹಾಕಿಕೊಂಡು ಇಳಿದು ಬಾಗಿಲನ್ನು ಹಿಂದಕ್ಕೆ ದೂಡಿದ. ಅಷ್ಟರಲ್ಲಿ ಕೀತ್ ಬಂದ.

"ಹೊಲದ ನಲ್ಲಿಯ ಕೀಲಿ ರೈತನಿಗೆ ವಾಪಸು ಕೊಡಬೇಕು. ರೈತನ ಹೆಂಡತಿ ನಿನ್ನನ್ನೇ ಕೇಳ್ತಿದಾಳೆ ಟ್ರೆವರ್, ಮೊಟ್ಟೆ ಇಟ್ಟಿದಾಳಂತೆ. ಲೊರೇನ್ ಮೇಲೆ ಹೋಗಿರಲಿ, ನಿನ್ನನ್ನ ನಾನು ಕಾರಲ್ಲಿ ಬಿಡ್ತೀನಿ."

ಲೊರೇನ್ ಕಿಟಕಿಯಿಂದ ಗಂಡನ ಕಡೆ ನೋಡಿದಳು. "ನಾನೊಬ್ಬಳೇನಾ?"

"ಹೋಗು. ನಾನು ಪಕ್ಕದಲ್ಲಿ ಕೂತರೆ ನೀನು ರಸ್ತೆ ಬಿಟ್ಟು ನನ್ನ ಮುಖ ನೋಡ್ತಾ ಓಡಿಸ್ತೀಯ," ಎಂದು ಅವನು ಕ್ಯಾರವಾನಿನ ಹಿಂದಿನಿಂದ ಸುತ್ತಿ ಎಡಪಕ್ಕಕ್ಕೆ ಬಂದ. ಎಡಗನ್ನಡಿಯಲ್ಲಿ ಅವಳಿಗೆ ಅವನು ಪೂರ್ತಿ ಕಾಣುತ್ತಿದ್ದ. ಗೋಡೆಯ ಮೇಲೆ ಅಂಗೈ ಇಟ್ಟು ಎರಡು ಸಲ ತಟ್ಟಿದ. "ಆಯ್ತು!"

ಅವಳ ಮನಸ್ಸು ತಣ್ಣಗಾಯಿತು. ಅವಳು ಗೇರು ಹಾಕಿದಳು.

ಓಣಿ ಏರುದಾರಿ. ಅವಳು ನಡೆಯುವವರಿಗಿಂತ ಸ್ವಲ್ಪವೇ ಬೇಗ ಹೋಗುತ್ತಿದ್ದಳು. ಒಂದು ತಿರುವು ಕಳೆದ ಮೇಲೆ ಎದುರಿಗೆ ಕುದುರೆಯೊಂದು ಬಂತು. ಬೂದು ಬಣ್ಣದ ದೊಡ್ಡ ಕುದುರೆ, ಮೇಲೆ ಲೊರೇನ್‌ನಷ್ಟೇ ವಯಸ್ಸಿನ ಹೆಂಗಸು. ಆಕೆ ಕೈಯೆತ್ತಿ ಸನ್ನೆ ಮಾಡಿ ಕುದುರೆಯನ್ನು ಬಲಗಡೆಯ ತಿರುವು ಜಾಗಕ್ಕೆ ಸರಿಸಿ ನಿಲ್ಲಿಸಿದಳು. ಲೊರೇನ್ ಕಲಿಸಿದ್ದನ್ನೆಲ್ಲ ನೆನೆದು, ಇನ್ನೂ ನಿಧಾನ ಮಾಡಿ, ಕುದುರೆಗೆ ಆದಷ್ಟು ಜಾಗ ಬಿಡಲು ಎಡಕ್ಕೆ ಸರಿದಳು. ಎಡಗಡೆಯ ಚಕ್ರ ಹುಲ್ಲಿನ ಏರಿ ಮೇಲೆ ಹತ್ತಿತು. ಕ್ಯಾರವಾನ್ ಬಲಕ್ಕೆ ವಾಲಿತು.

ಬಲಗನ್ನಡಿಯಲ್ಲಿ ಬಾಗಿಲು ತೆರೆದುಕೊಳ್ಳುವುದನ್ನು ಅವಳು ನೋಡಿದಳು. ನಿಧಾನವಾಗಿ, ಯಾರೋ ಒಳಗಿನಿಂದ ದೂಡಿದಂತೆ, ಪೂರ್ತಿ ಅಗಲವಾಗಿ, ಕುದುರೆಯ ಎದೆಯ ನೇರಕ್ಕೆ.

ಬ್ರೇಕು ಒತ್ತಿದ್ದು ಅವಳಿಗೆ ನೆನಪಿಲ್ಲ. ಕಾರು ನಿಂತಿತ್ತು. ಕುದುರೆ ಮುಂಗಾಲೆತ್ತಿ ಹಿಂದಕ್ಕೆ ನೆಗೆದು ಕಲ್ಲುಗೋಡೆಗೆ ಒರಗಿತು. ಮೇಲಿದ್ದವಳು ಅದರ ಕುತ್ತಿಗೆ ಅಪ್ಪಿಕೊಂಡು, ಬೈಗುಳಗಳ ಸುರಿಮಳೆ ಮಾಡಿ, ಅಂತೂ ಬೀಳದೆ ಉಳಿದಳು. ಒಳಗಿನಿಂದ ತರಕಾರಿ ಚೀಲ ಉರುಳಿ ಬಂದು ಕ್ಯಾರೆಟ್ಟುಗಳು ಇಳಿಜಾರಿನಲ್ಲಿ ಹರಡಿದವು.

ಲೊರೇನ್ ಇಳಿದು ಓಡಿ ಬಂದಳು. "ಏಟಾಯ್ತಾ? ದಯವಿಟ್ಟು ಕ್ಷಮಿಸಿ. ಏಟಾಯ್ತಾ?"

"ಮಂಡಿ ಗೋಡೆಗೆ ಉಜ್ತು." ಹೆಂಗಸು ಇಳಿದು ಕುದುರೆಯ ಕಾಲುಗಳನ್ನು ಒಂದೊಂದಾಗಿ ಸವರಿ ನೋಡಿದಳು. ಅದು ಮುಗಿದ ಮೇಲೆಯೇ ತನ್ನ ಹರಿದ ಪ್ಯಾಂಟು ನೋಡಿಕೊಂಡಳು. ಬಟ್ಟೆಯಲ್ಲಿ ರಕ್ತದ ಸಣ್ಣ ಗೆರೆಯಿತ್ತು. "ಅಲ್ಲಮ್ಮಾ, ಬಾಗಿಲು ಹಾಕ್ಕೊಂಡು ಹೊರಡೋ ಅಭ್ಯಾಸ ಇಲ್ವಾ ನಿಮಗೆ? ಮನೆಯಿಂದಲೂ ಹೀಗೇ ಹೊರಡ್ತೀರಾ?"

"ಇಲ್ಲ. ಮನೆಯಲ್ಲಿ..." ಎಂದಳು ಲೊರೇನ್.

"ಇದು ಯಾವ ಸೀಮೆ ಗಾಡಿ? ಬಾಗಿಲು ಈ ಕಡೆ ಯಾಕಿದೆ?"

"ಜರ್ಮನಿಯದು."

"ಬಾಗಿಲು ನೋಡೋ ಕೆಲಸ ಯಾರದು?"

ಲೊರೇನ್ ಕ್ಯಾರವಾನಿನ ಕಡೆ ತಿರುಗಿದಳು. ಕನ್ನಡಿಯಲ್ಲಿ ಕಂಡದ್ದು ಆಗ ಅವಳಿಗೆ ಮತ್ತೆ ಕಂಡಿತು. ಟ್ರೆವರ್ ತಟ್ಟಿದ್ದು ಬಾಗಿಲೇ ಇಲ್ಲದ ಗೋಡೆಯನ್ನು. ಹಳೇ ಕ್ಯಾರವಾನಿನ ಬಾಗಿಲು ಇದ್ದ ಜಾಗವನ್ನು. ಅದನ್ನು ಅವಳು ಕಣ್ಣಾರೆ ನೋಡಿದ್ದಳು, ನೋಡಿ ಸಮಾಧಾನಪಟ್ಟಿದ್ದಳು. ಅವನ ಕೈ ಮರೆತದ್ದನ್ನು ಅವಳ ಕಣ್ಣೂ ಮರೆತಿತ್ತು. ಅದಕ್ಕಿಂತ ಹೆಚ್ಚಾಗಿ, ಈಗ ಓಡಿಸುವವಳು ಅವಳು. ಅವಳು ಕೂರುವುದು ಬಲಗಡೆ. ಸೀಟಿಗೆ ನಡೆದು ಬರುವಾಗ ಆ ಬಾಗಿಲನ್ನು ಭುಜಕ್ಕೆ ತಾಗುವಷ್ಟು ಹತ್ತಿರದಿಂದ ದಾಟಿ ಬಂದಿದ್ದಳು.

"ನಂದು," ಎಂದಳು.

"ಹಾಗಾದ್ರೆ ನೋಡಮ್ಮ. ನಾನು ಕುದುರೆ ಮೇಲಿದ್ದೆ, ಎತ್ತರದಲ್ಲಿದ್ದೆ, ಕಂಡಿತು. ಸೈಕಲ್‌ನವನು ಯಾವನಾದ್ರೂ ಇಳಿಜಾರಲ್ಲಿ ಬರ್ತಿದ್ದಿದ್ರೆ ಅವನ ತಲೆ ಈಗ ನಿನ್ನ ಅಡುಗೆಮನೇಲಿ ಇರ್ತಿತ್ತು."

ಲೊರೇನ್ ಒಳಗೆ ಹೋಗಿ ಔಷಧಿ ಡಬ್ಬಿ ತಂದಳು. ಹೆಂಗಸು ಕಲ್ಲಿನ ಮೇಲೆ ಕೂತು ಪ್ಯಾಂಟು ಮಡಚಿದಳು, ಲೊರೇನ್ ಗಾಯ ಒರೆಸಿ ಪಟ್ಟಿ ಹಚ್ಚಿದಳು. ಅಷ್ಟು ಹೊತ್ತಿಗೆ ಕುದುರೆ ತಲೆ ತಗ್ಗಿಸಿ ರಸ್ತೆಯ ಮೇಲಿನ ಕ್ಯಾರೆಟ್ಟುಗಳನ್ನು ಒಂದೊಂದಾಗಿ ಆರಿಸಿ ತಿನ್ನುತ್ತಿತ್ತು.

"ಇವನಿಗಂತೂ ಲಾಭವಾಯ್ತು," ಎಂದಳು ಹೆಂಗಸು. ದನಿ ಸ್ವಲ್ಪ ಇಳಿದಿತ್ತು. "ಮೊದಲನೇ ಸಲಾನಾ ಎಳೀತಿರೋದು?"

"ಈ ಓಣೀಲಿ ಒಬ್ಬಳೇ, ಮೊದಲನೇ ಸಲ."

"ಒಂದು ಮಾತ್ರ ಹೇಳ್ತೀನಿ, ಓಡಿಸಿದ್ದು ಚೆನ್ನಾಗಿತ್ತು. ಇಲ್ಲಿಗೆ ಬರೋ ಗಂಡಸರು ಕುದುರೆ ಕಂಡರೆ ಹಾರ್ನ್ ಹೊಡೀತಾರೆ." ಆಕೆ ಕಲ್ಲಿನ ಮೇಲೇರಿ ಅಲ್ಲಿಂದ ಕುದುರೆ ಹತ್ತಿ, ಇನ್ನೇನೂ ಹೇಳದೆ ಇಳಿಜಾರಿನಲ್ಲಿ ಹೋದಳು.

ಲೊರೇನ್ ಬಾಗಿಲು ಮುಚ್ಚಿದಳು. ಬೀಗ ಹಾಕಿದಳು. ಹಿಡಿ ಎಳೆದು ನೋಡಿದಳು. ಬಾಗಿಲಿಗೆ ಗೀರು ಬಿದ್ದಿರಲಿಲ್ಲ, ಒಳಗೆ ಏನೂ ಒಡೆದಿರಲಿಲ್ಲ. ಅಷ್ಟು ಸುಲಭದಲ್ಲಿ ಮುಗಿದದ್ದೇ ಅವಳಿಗೆ ಇನ್ನಷ್ಟು ಭಯವೆನಿಸಿತು.

ಚರ್ಚಿನ ಮುಂದಿನ ಜಾಗ ತಲುಪಿ ಕೀತ್‌ಗೆ ಫೋನ್ ಮಾಡಿದಳು. ಅವರು ಬರುವವರೆಗೆ ಸ್ಟಿಯರಿಂಗ್ ಹಿಡಿದೇ ಕೂತಿದ್ದಳು. ಹೇಗೆ ಹೇಳುವುದು ಎಂದು ವಾಕ್ಯ ಜೋಡಿಸಿದಳು. 'ಬಾಗಿಲು ತೆರೆದಿತ್ತು' ಎಂದರೆ ಟ್ರೆವರ್ ತಕ್ಷಣ 'ನಾನು ತಟ್ಟಿದ್ನಲ್ಲ' ಎನ್ನುತ್ತಾನೆ. ಆಮೇಲೆ ಎಲ್ಲಿ ತಟ್ಟಿದೆ ಎಂದು ಅವನಿಗೇ ಹೊಳೆಯುತ್ತದೆ. ಅವನು ಕೂಗಾಡುವುದಿಲ್ಲ. ಡಾಕ್ಟರ ಮನೆಯಿಂದ ಬಂದ ದಿನದ ಹಾಗೆ ಚಹಾ ಕುಡಿದು, ಬಟ್ಟಲು ಕೆಳಗಿಟ್ಟು, ಹ್ಯಾಲಮ್‌ಗೆ ಫೋನ್ ಮಾಡು ಎನ್ನುತ್ತಾನೆ. 'ತಪ್ಪು ನಂದು' ಎಂದು ಅವಳೆಷ್ಟು ಹೇಳಿದರೂ ತನ್ನ ಕೈಯ ಮೇಲಿನ ನಂಬಿಕೆ ಅವನಿಗೆ ಮತ್ತೆ ಬರುವುದಿಲ್ಲ.

ಕೀತ್‌ನ ಕಾರು ಬಂದು ಪಕ್ಕದಲ್ಲಿ ನಿಂತಿತು. ಟ್ರೆವರ್ ಮೊಟ್ಟೆಯ ಡಬ್ಬಿಯನ್ನು ಎದೆಗವಚಿಕೊಂಡು ಇಳಿದ.

"ಓಣೀಲಿ ಕ್ಯಾರೆಟ್ ಬಿದ್ದಿತ್ತಪ್ಪ," ಎಂದ ಕೀತ್ ಕಿಟಕಿಯಿಂದ. "ಒಂದರ ಮೇಲೆ ಹತ್ತಿಸಿದೆ. ಯಾರೋ ಏನೋ ಬೀಳಿಸಿಕೊಂಡು ಹೋಗಿದಾರೆ."

"ಕುದುರೆ ಬಂದಿತ್ತು," ಎಂದಳು ಲೊರೇನ್. "ನಿಲ್ಲಿಸಿ ಜಾಗ ಬಿಟ್ಟೆ. ಅದು ಕ್ಯಾರೆಟ್ ತಿಂತಿತ್ತು."

"ನಿನ್ನ ಮುಖ ಯಾಕೆ ಸುಣ್ಣದ ಹಾಗಿದೆ?"

"ಅವಳ ಮುಖ ಯಾವಾಗ್ಲೂ ಹಾಗೇ ಕೀತ್," ಎಂದ ಟ್ರೆವರ್. "ಸೇತುವೆ ಕಂಡ್ರೂ ಹಾಗಾಗ್ತದೆ."

"ನನಗೇನೋ ಆ ಬಾಗಿಲಿನ ಮೇಲೆ ನಂಬಿಕೆ ಇಲ್ಲಪ್ಪ." ಕೀತ್ ಕ್ಯಾರವಾನಿನ ಕಡೆ ಕತ್ತು ಹೊರಳಿಸಿ ನೋಡಿದ. ಬಾಗಿಲು ಮುಚ್ಚಿಕೊಂಡೇ ಇತ್ತು. ಅವನಿಗೆ ಸ್ವಲ್ಪ ನಿರಾಸೆಯಾದಂತೆ ಕಂಡಿತು. "ಮನೆ ಸೇರಿದ ಮೇಲೆ ಫೋನ್ ಮಾಡಿ. ಪೌಲೀನ್ ಕೇಳ್ತಾಳೆ," ಎಂದು ಕಾರು ತಿರುಗಿಸಿಕೊಂಡು ಹೋದ.

ಟ್ರೆವರ್ ಪಕ್ಕದ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡ. ಅವನು ಕಣ್ಣಿನ ಅಂಚಿನಿಂದ ಅವಳನ್ನು ನೋಡುತ್ತಿದ್ದಾನೆ ಎಂದು ಅವಳಿಗೆ ಗೊತ್ತಿತ್ತು. ಹಾಗೆ ನೋಡಿದಾಗ ಅವನಿಗೆ ಅವಳ ಕಿವಿ ಮಾತ್ರ ಕಾಣುತ್ತದೆ, ಆದರೂ.

"ಏನೂ ಎಡವಟ್ಟಾಗಲಿಲ್ಲ ತಾನೆ?"

ಜೀವಮಾನವಿಡೀ ಅವಳು ಪದಗಳನ್ನು ಅಳೆದು ಆಡಿದವಳು. ಕಾಲೇಜು ಲೈಬ್ರರಿಯಲ್ಲಿ ಕೆಲಸಕ್ಕಿದ್ದಾಗ ಒಂದು ಪುಸ್ತಕ ಸಿಗಲಿಲ್ಲವೆಂದರೆ 'ಇಲ್ಲ' ಎನ್ನದೆ 'ಈ ಕಪಾಟಿನಲ್ಲಿ ಕಾಣುತ್ತಿಲ್ಲ' ಎನ್ನುತ್ತಿದ್ದಳು. ಈಗಲೂ ಅಂಥದೊಂದು ಮಾತು ನಾಲಿಗೆಯ ತುದಿಗೆ ಬಂದಿತ್ತು. ಕುದುರೆಯ ವಿಷಯ ಹಾಗೆ ಹೇಳಿ ಆಗಿತ್ತು, ಒಂದೊಂದು ಪದವೂ ನಿಜವಾಗಿತ್ತು. ಆದರೆ ಈ ಪ್ರಶ್ನೆಗೆ ಅಂಥ ಉತ್ತರ ಇರಲಿಲ್ಲ.

"ಇಲ್ಲ," ಎಂದಳು.

ಅವನು ಉಸಿರು ಬಿಟ್ಟ. "ಹಾಗಾದ್ರೆ ಇಟ್ಕೊಳ್ಳೋಣ. ಒಂದು ಸಣ್ಣ ಗ್ರಿಲ್ ತಗೊಂಡು ಎಲ್ಲಾದ್ರೂ ಕೂರಿಸಿಬಿಡ್ತೀನಿ."

"ಒಂದು ಮಾತು ಟ್ರೆವರ್. ಬಾಗಿಲು ಈಗ ನನ್ನ ಕಡೆ ಇದೆ, ನಾನು ಸೀಟಿಗೆ ಬರೋ ದಾರೀಲೇ. ಇನ್ನು ಮೇಲೆ ಅದಕ್ಕೆ ಬೀಗ ಹಾಕೋದು ನನ್ನ ಕೆಲಸ. ಮಿಕ್ಕಿದ್ದೆಲ್ಲ ನಿಂದೇ."

"ಯಾಕೆ? ನಾನು ಹಾಕೋದಕ್ಕೇನು?"

"ನೀನು ಹಾಕಿದ್ರೆ ನಾನು ಇಳಿದು ನೋಡಲೇಬೇಕು. ಸುಮ್ನೆ ಎರಡು ಕೆಲಸ."

ಅವನು ಯೋಚಿಸಿ ತಲೆಯಾಡಿಸಿದ. "ಅದೂ ಸರೀನೆ. ನಿನ್ನ ಹುಚ್ಚಿಗೆ ಒಂದು ಕೆಲಸ ಸಿಕ್ಕ ಹಾಗಾಯ್ತು."

ಅವಳು ಕನ್ನಡಿಗಳನ್ನು ನೋಡಿದಳು. ಹಿಂದೆ ರಸ್ತೆ ಖಾಲಿಯಿತ್ತು. ಸೈಕಲ್‌ನವನ ಬಗ್ಗೆ ಆ ಹೆಂಗಸು ಆಡಿದ ಮಾತು ಕಿವಿಯಲ್ಲೇ ಇತ್ತು; ಅದು ಅಲ್ಲೇ ಇರಲಿ, ಇರಬೇಕಾದ್ದೇ ಎಂದುಕೊಂಡಳು. ಮನೆ ಸೇರುವುದರೊಳಗೆ ಬಾಯಿ ತುರಿಸುತ್ತದೆ ಎಂದು ಅವಳಿಗೆ ಗೊತ್ತಿತ್ತು. ಫೋನಿನಲ್ಲಿ ಪೌಲೀನ್ "ಮತ್ತೇನು ಸಮಾಚಾರ?" ಎಂದು ಎಳೆದಾಗ ಇನ್ನೂ ಹೆಚ್ಚು. 'ನಂದು' ಎಂದು ದಾರಿಯ ಮೇಲಿನ ಅಪರಿಚಿತಳಿಗೆ ಒಮ್ಮೆ ಒಪ್ಪಿಕೊಂಡಾಗಿತ್ತು. ಅಷ್ಟು ಸಾಕು, ಇನ್ನು ಇದನ್ನು ಟ್ರೆವರ್‌ಗಾಗಲಿ ಪೌಲೀನ್‌ಗಾಗಲಿ ಬೇರೆ ಯಾರಿಗೇ ಆಗಲಿ ಹೇಳುವುದಿಲ್ಲ ಎಂದು ನಿಶ್ಚಯಿಸಿ, ಅವಳು ದೊಡ್ಡ ರಸ್ತೆಗೆ ತಿರುಗಿದಳು.